ಡಾಲಿಯ ಕೋಟು, ಅವ್ವನ ಕೌದಿ

ಎಲ್ಲರಿಗೂ ನಮಸ್ಕಾರ. ನನ್ನ ಕೀಮೋ ಮುಗಿಯಿತು. ಸ್ಕ್ಯಾನಿನಲ್ಲಿ ಗಡ್ಡೆಯ ಸುಳಿವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳುವಷ್ಟು ತ್ರಾಣ ಇನ್ನೂ ಬಂದಿಲ್ಲ, ಅದಕ್ಕೇ ಈ ಬರಹ.

ಕೀಮೋ ಕೊಡುವ ಕೋಣೆಯಲ್ಲಿ ವಿಪರೀತ ಚಳಿ. ಧಾರವಾಡದಿಂದ ಅವ್ವ ಕಳಿಸಿದ್ದ ಕೌದಿ ಹೊದ್ದು ಕೂರುತ್ತಿದ್ದೆ. ಅವಳ ಇಳಕಲ್ ಸೀರೆಯ ಕೆಂಪು ಸೆರಗು, ಅಪ್ಪನ ಧೋತರ, ನನ್ನ ಶಾಲೆಯ ನೀಲಿ ಲಂಗ, ಎಲ್ಲ ಅದರಲ್ಲಿವೆ. ಒಂದು ದಿನ ಸೂಜಿ ಚುಚ್ಚಲು ಬಂದ ನರ್ಸ್ ಆ ಹೊಲಿಗೆಯ ಸಾಲುಗಳ ಮೇಲೆ ಬೆರಳಾಡಿಸಿ, ‘ಇದು ನಮ್ಮ ಡಾಲಿಯ ಕೋಟು’ ಅಂದರು. ಅಮೆರಿಕದಲ್ಲಿ ನಾವಿರುವ ನಾಕ್ಸ್‌ವಿಲ್‌ಗೆ ತಾಗಿಕೊಂಡೇ ಇರುವ ಸೆವಿಯರ್ ಕೌಂಟಿ ಅವರ ಊರು, ಇಲ್ಲಿನ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ಗಾಯಕಿ ಡಾಲಿ ಪಾರ್ಟನ್ ಹುಟ್ಟಿದ್ದೂ ಅಲ್ಲೇ. ಡ್ರಿಪ್ ಸರಿ ಮಾಡುತ್ತಲೇ ಅವರು ಗುನುಗಿದ್ದು ಡಾಲಿಯ 1971ರ ಹಾಡು ‘ಕೋಟ್ ಆಫ್ ಮೆನಿ ಕಲರ್ಸ್’, ಅಂದರೆ ಹಲವು ಬಣ್ಣಗಳ ಕೋಟು.

ಅದು ಡಾಲಿಯದೇ ಕತೆ. ಹನ್ನೆರಡು ಮಕ್ಕಳ ಬಡ ಮನೆ. ಯಾರೋ ಕೊಟ್ಟ ಚಿಂದಿ ಬಟ್ಟೆಗಳಲ್ಲಿ ತಾಯಿ ಮಗಳಿಗೊಂದು ಕೋಟು ಹೊಲಿಯುತ್ತಾಳೆ, ಹೊಲಿಯುತ್ತಾ ಬೈಬಲ್ಲಿನ ಜೋಸೆಫನ ಬಣ್ಣದ ಅಂಗಿಯ ಕತೆ ಹೇಳುತ್ತಾಳೆ. ಹುಡುಗಿ ಹಿಗ್ಗಿನಿಂದ ತೊಟ್ಟು ಶಾಲೆಗೆ ಹೋದರೆ ಮಕ್ಕಳೆಲ್ಲ ನಗುತ್ತಾರೆ. ಡಾಲಿ ಇದನ್ನು 1969ರಲ್ಲಿ, ಆಗ ತಮ್ಮ ಜೊತೆ ಹಾಡುತ್ತಿದ್ದ ಗಾಯಕ ಪೋರ್ಟರ್ ವ್ಯಾಗನರ್ ಅವರ ಬಸ್ಸಿನಲ್ಲಿ ಬರೆದರು. ಕಾಗದ ಸಿಗದೆ, ಪೋರ್ಟರ್ ಅವರ ಬಟ್ಟೆಯ ಡ್ರೈಕ್ಲೀನಿಂಗ್ ರಸೀದಿಯ ಮೇಲೆ. ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಅದು ಏರಿದ್ದು ನಾಲ್ಕನೇ ಸ್ಥಾನದವರೆಗೆ. ಆದರೂ ತಾವು ಬರೆದ ಹಾಡುಗಳಲ್ಲಿ ತಮಗೆ ಅತಿ ಇಷ್ಟವಾದದ್ದು ಇದೇ ಅಂತ ಅವರು ಹೇಳಿದ್ದಾರೆ. ನನಗೂ ಇದರ ಮುಂದೆ ಅವರ ಇನ್ನೊಂದು ಹೆಸರಾಂತ ಹಾಡು ‘ಜೋಲೀನ್’ ಸಪ್ಪೆ.

ಹಾಡು ಮುಗಿದರೂ ಆ ಮಕ್ಕಳು ಬದಲಾಗುವುದಿಲ್ಲ. ಹುಡುಗಿ ಬಿಡಿಸಿ ಹೇಳಿದರೂ ಅವರಿಗೆ ತಿಳಿಯುವುದಿಲ್ಲ. ಹಾಗಂತ ಅವಳಿಗೆ ತಾನು ಬಡವಿ ಅನಿಸುವುದೂ ಇಲ್ಲ. ಕೂದಲು ಉದುರಿದ ಮೇಲೆ ಅಂಗಡಿಯಲ್ಲಿ ಜನ ನನ್ನ ತಲೆಯನ್ನೇ ನೋಡುತ್ತಿದ್ದರು, ನಾನು ಸಾಮಾನು ಅಲ್ಲೇ ಬಿಟ್ಟು ಹೊರಗೆ ಬರುತ್ತಿದ್ದೆ. ಈ ಹಾಡು ಕೇಳುತ್ತಾ ಕೇಳುತ್ತಾ, ನೋಡಿದರೆ ನೋಡಲಿ ಅಂತ ಬಿಲ್ಲಿನ ಸಾಲಿನಲ್ಲಿ ನಿಲ್ಲುವ ಧೈರ್ಯ ಬಂತು. ಡಾಲಿ ಅವರಿಗೆ ನಾನು ಋಣಿ. ಆ ನರ್ಸಮ್ಮನಿಗೆ ಇನ್ನೂ ಹೆಚ್ಚು.

ಅವ್ವಾ, ವೀಸಾ ಸಿಗದೆ ನೀ ಬರಲಿಕ್ಕೆ ಆಗಲಿಲ್ಲ ಅಂತ ಅತ್ತಿ. ನೀ ಇಲ್ಲೇ ಇದ್ದಿ. ನನ್ನ ಕಾಲು ಬೆಚ್ಚಗಿಟ್ಟಾಕಿ ನೀನು.

ಇಲ್ಲಿನ ನಮ್ಮ ಕನ್ನಡದ ಮಂದಿಗೆ ಏನು ಹೇಳಲಿ? ಬಾಯಿ ಹುಣ್ಣಾಗಿ ಏನೂ ಸೇರದಿದ್ದಾಗ ಖಾರವಿಲ್ಲದ ಮೆಂತ್ಯದ ಗಂಜಿ ಮಾಡಿ ತಂದಿರಿ, ಮಗಳನ್ನು ಶಾಲೆಯಿಂದ ಕರೆತಂದಿರಿ, ಒಬ್ಬರಂತೂ ರಾತ್ರಿಯೆಲ್ಲ ಆಸ್ಪತ್ರೆಯ ಕುರ್ಚಿಯಲ್ಲೇ ಕೂತು ಬೆಳಗು ಮಾಡಿದಿರಿ. ನಿಮ್ಮ ಸ್ಟೀಲ್ ಡಬ್ಬಿಗಳೆಲ್ಲ ನಮ್ಮ ಅಡುಗೆಮನೆಯಲ್ಲೇ ಇವೆ. ಬರುವ ಭಾನುವಾರ ಎಲ್ಲರೂ ಬನ್ನಿ. ಖಾಲಿ ಡಬ್ಬಿ ಕೊಟ್ಟು ಕಳಿಸಬಾರದಲ್ಲ, ಹೋಳಿಗೆ ಮಾಡುತ್ತಿದ್ದೇನೆ.