ಎಲ್ಲಾ ಜೀನ್ ಮೇಲೆ ಹಾಕಿಬಿಟ್ಟರೆ ಮುಗೀತಾ?

ಮಾನ್ಯ ಸಂಪಾದಕರೇ,

ಕ್ಷಯ ಬರುವುದರಲ್ಲಿ ಜೀನ್ (ವಂಶವಾಹಿ) ಪಾತ್ರವೂ ಇದೆ ಎಂದು ಸಾಹೇಬರೊಬ್ಬರು ಜಾಗೃತಿ ಸಭೆಯಲ್ಲಿ ಹೇಳಿದ್ದನ್ನು ಸೋಮವಾರ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಮಂಗಳವಾರ ಬೆಳಿಗ್ಗೆ ಏಳಕ್ಕೇ ಬೀಗರಾಗಬೇಕಿದ್ದವರ ಫೋನು. "ನಿಮ್ಮ ತಮ್ಮಗ ಟಿಬಿ ಆಗಿತ್ತಲ್ರೀ, ಹುಡುಗಿ ರಕ್ತದಾಗೂ ಇರ್ತದಂತ. ಪೇಪರ್‌ನಾಗೇ ಬಂದದ" ಅಂದರು. ಗುರುವಾರ ಮಗಳ ನಿಶ್ಚಯ ಇತ್ತು. ಶಾಮಿಯಾನದವನಿಗೆ ಕೊಟ್ಟ ಮುಂಗಡ ಹೋಯಿತು. ಹೋಳಿಗೆಗೆಂದು ಕುಟ್ಟಿಟ್ಟ ಶೇಂಗಾ-ಬೆಲ್ಲ ಡಬ್ಬಿಯಲ್ಲಿ ಹಾಗೇ ಕೂತಿದೆ.

ಸಾಹೇಬರ ಮಾತು ಸುಳ್ಳಲ್ಲ, ಅರ್ಧ. ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವನು ನಾನು. ಒಂದೇ ಥರದ ಅವಳಿಗಳಲ್ಲಿ ಒಬ್ಬರಿಗೆ ಟಿಬಿ ಬಂದರೆ ಇನ್ನೊಬ್ಬರಿಗೂ ಬರುವುದು ಬೇರೆ ಅವಳಿಗಳಿಗಿಂತ ಜಾಸ್ತಿ, ನಿಜ. ಆದರೆ ಜೀನ್ ಎಲ್ಲ ಒಂದೇ ಇದ್ದೂ ಒಬ್ಬನಿಗೆ ಬಂದು ಇನ್ನೊಬ್ಬನಿಗೆ ಬಾರದ ಜೋಡಿಗಳು ಎಷ್ಟೋ ಇವೆ. ಅದನ್ನು ಯಾಕೆ ಹೇಳಲಿಲ್ಲ? ರೋಗಾಣು ಹೊಕ್ಕವರಲ್ಲಿ ನೂರಕ್ಕೆ ಐದರಿಂದ ಹತ್ತು ಜನ ಮಾತ್ರ ಕಾಯಿಲೆ ಬೀಳುತ್ತಾರೆ. ಹುಟ್ಟಿನಿಂದ ಬರುವುದು ತಡೆಯುವ ಶಕ್ತಿಯ ಹೆಚ್ಚು-ಕಡಿಮೆ. ರೋಗ ಬರುವುದು ಗಾಳಿಯಲ್ಲಿ, ಕೆಮ್ಮಿನಿಂದ.

ನನ್ನ ತಮ್ಮ ಇಪ್ಪತ್ತು ವರ್ಷ ಶಹಾಬಾದ್ ಫರ್ಸಿ ಕಲ್ಲು ಪಾಲಿಶ್ ಮಾಡಿದವನು. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ ಎಲ್ಲ ಬೂದಿ ಬಣ್ಣ. ಟವೆಲ್ ಝಾಡಿಸಿದರೆ ಪಡಸಾಲೆ ತುಂಬ ಧೂಳು. ಕಲ್ಲಿನ ಧೂಳಿನ ಸಿಲಿಕಾ ಶ್ವಾಸಕೋಶಕ್ಕೆ ಇಳಿದರೆ ಟಿಬಿಗೆ ದಾರಿ ಸಲೀಸು. ಆ ಧೂಳಿನ ಬಗ್ಗೆ ಭಾಷಣದಲ್ಲಿ ಒಂದು ಮಾತಿಲ್ಲ! ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೂ ರೇಷನ್ ಕೊಟ್ಟು ನೋಡಿದರು. ಆ ಮನೆಗಳಲ್ಲಿ ಹೊಸ ಟಿಬಿ ಶೇ 39ರಷ್ಟು ಇಳಿಯಿತು ಎಂದು 2023ರಲ್ಲಿ ವರದಿ ಬಂತು. ಅವರ ಜೀನ್ ಬದಲಾಗಿತ್ತಾ? ಅಕ್ಕಿ-ಬೇಳೆ ಬಂದಿತ್ತು, ಅಷ್ಟೇ. ತೊಗರಿಯ ಕಣಜ ಅನ್ನಿಸಿಕೊಂಡ ನಮ್ಮ ಜಿಲ್ಲೆಯಲ್ಲಿ ತಮ್ಮನ ಪೌಷ್ಟಿಕ ಆಹಾರಕ್ಕೆ ಸರ್ಕಾರ ಆಗ ಕೊಡುತ್ತಿದ್ದ ತಿಂಗಳ 500 ರೂಪಾಯಿ ಖಾತೆಗೆ ಬಿದ್ದದ್ದು ಆರು ತಿಂಗಳ ಮಾತ್ರೆ ಮುಗಿದ ಮೇಲೆ.

ಬುಧವಾರ ಸಾಹೇಬರನ್ನೇ ಕೇಳೋಣ ಅಂತ ಹೋದೆ. ಈ ಬಿಸಿಲಿನಲ್ಲಿ ಮೂರು ತಾಸು, ಕೂರಲು ಒಂದು ಬೆಂಚೂ ಇಲ್ಲ. ಮೀಟಿಂಗ್‌ನಲ್ಲಿದ್ದಾರಂತೆ. "ಮಾರ್ಚ್ 24ಕ್ಕ ಬರ್ರಿ, ಕ್ಷಯ ದಿನದ ಜಾಥಾಕ್ಕ ಪಕ್ಕಾ ಇರ್ತಾರ" ಎಂದ ಜವಾನ. ಹಿಂದೆ ನಮ್ಮ ಗಲ್ಲಿಯ ಗಟಾರದ ಅರ್ಜಿ ಹಿಡಿದು ಬೇರೆ ಕಚೇರಿಗೆ ಅಲೆದಾಗಲೂ ಸಾಹೇಬರು ಮೀಟಿಂಗ್‌ನಲ್ಲೇ ಇದ್ದರು. ಗಟಾರ ಇವತ್ತಿಗೂ ಹಾಗೇ ಇದೆ. ಕುರ್ಚಿಯಲ್ಲಿ ಇಲ್ಲದಿರುವುದು ಒಬ್ಬ ಅಧಿಕಾರಿಯಿಂದ ಇನ್ನೊಬ್ಬರಿಗೆ ಇಳಿದು ಬರುತ್ತದೆ. ಅದಕ್ಕೆ ಯಾವ ಜೀನೋ, ಮುಂದಿನ ಸಭೆಯಲ್ಲಿ ತಿಳಿಸಲಿ.

ನೀವು ಅಷ್ಟೇ ದಪ್ಪ ಅಕ್ಷರದಲ್ಲಿ ಪೂರ್ತಿ ವಿಷಯ ಹಾಕಿ. ಇಲ್ಲವೇ ಸಾಹೇಬರು ಬೀಗರ ಮನೆಗೆ ಬಂದು ತಿಳಿಸಿ ಹೇಳಲಿ. ಎರಡೂ ಆದರೆ ಇನ್ನೂ ಒಳ್ಳೆಯದು. ಸುಮ್ನೆ ಮೈಕ್ ಸಿಕ್ಕಿತು ಅಂತ ಮಾತಾಡುವವರಿಗೆ, ಅದನ್ನು ಹಾಗೇ ಅಚ್ಚು ಹಾಕುವವರಿಗೆ, ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವಾ?

— ನಿವೃತ್ತ ಶಿಕ್ಷಕ, ಕಲಬುರಗಿ