ಸೊಟ್ಟ ಡೆಕ್ ಮಾರಿ ‘ಮರದ ಗುಣ’ ಅನ್ನಬೇಡಿ

ಸಂಪಾದಕರಿಗೆ ನಮಸ್ಕಾರ.

ಹಳೆಯ ಮಾದರಿಯ ಸ್ಕೇಟ್‌ಬೋರ್ಡ್‌ಗಳನ್ನು ಹೊಸದಾಗಿ ಮಾಡಿ ಮಾರುವವರ ಬಗ್ಗೆ ಈ ಪತ್ರ. ಇವಕ್ಕೆ ರೀಇಶ್ಯೂ ಡೆಕ್ ಅಂತಾರೆ. ಡೆಕ್ ಅಂದರೆ ಚಕ್ರ ಬಿಟ್ಟು, ಕಾಲಿಟ್ಟು ನಿಲ್ಲುವ ಹಲಗೆ. 1980ರ ದಶಕದಲ್ಲಿ ಅಮೆರಿಕದ ಹುಡುಗರು ಓಡಿಸುತ್ತಿದ್ದ ಹತ್ತಿಂಚು ಅಗಲದ ಹಲಗೆಗಳನ್ನೇ, ಅದೇ ಆಕಾರ, ಅದೇ ಬಣ್ಣದ ಚಿತ್ರ ಇಟ್ಟು ಮತ್ತೆ ತಯಾರಿಸುತ್ತಾರೆ. ಮಾಮೂಲಿ ಡೆಕ್‌ಗಿಂತ ಬೆಲೆ ಜಾಸ್ತಿ. ಮುಂಬಯಿಯಲ್ಲೂ ಈಗ ಸಿಗುತ್ತವೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 13 ವರ್ಷದ ಮೊಮಿಜಿ ನಿಶಿಯಾ ಚಿನ್ನ ಗೆದ್ದದ್ದನ್ನು ನೋಡಿದ ಮೇಲೆ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯ ಸೊಸೈಟಿಯಲ್ಲೂ ಮಕ್ಕಳು ಸ್ಕೇಟ್‌ಬೋರ್ಡ್ ಬೇಕು ಅನ್ನತೊಡಗಿದರು. ಅವರಲ್ಲಿ ನನ್ನ ಅಣ್ಣನ ಮಗಳೂ ಒಬ್ಬಳು.

ಅವಳು ಕೂಡಿಟ್ಟ ದುಡ್ಡಿಗೆ ಅಣ್ಣ ಒಂದಿಷ್ಟು ಸೇರಿಸಿ ಆನ್‌ಲೈನ್‌ನಲ್ಲಿ ಇಂಥದ್ದೊಂದು ಡೆಕ್ ತರಿಸಿದ. ಬಂದದ್ದು ಜನವರಿಯಲ್ಲಿ, ಮಳೆಯ ಮಾತೇ ಇಲ್ಲ. ಮೇಲಿನ ಪ್ಲಾಸ್ಟಿಕ್ ಬಿಚ್ಚುವ ಮೊದಲೇ ಹಲಗೆ ತಿರುಚಿಕೊಂಡಿರುವುದು ಕಾಣುತ್ತಿತ್ತು. ಬಾಲದ, ಅಂದರೆ ಹಿಂದಿನ ತುದಿಯ, ಅಂಚಿನಲ್ಲಿ ಒಂದು ಕಡೆ ಪದರ ಬಿಟ್ಟುಕೊಂಡು ಉಗುರು ಒಳಗೆ ಹೋಗುವಷ್ಟು ಸಂದು. ಮಾರಿದವರಿಗೆ ಫೋಟೊ ಕಳಿಸಿದೆವು. ಮರ ಅಲ್ವಾ ಸರ್, ಸ್ವಲ್ಪ ಬಾಗುತ್ತದೆ, ಅದು ಮರದ ಗುಣ ಅಂದರು. ಮತ್ತೆ ಕೇಳಿದ್ದಕ್ಕೆ, ಇದು ಗೋಡೆಗೆ ತೂಗುಹಾಕುವ ಕಲೆಕ್ಟರ್ ಐಟಂ, ಓಡಿಸುವುದಕ್ಕಲ್ಲ ಅಂದರು. ಮಾರುವಾಗ ಈ ಮಾತು ಎಲ್ಲೂ ಬರೆದಿರಲಿಲ್ಲ.

ನಾನು ಇಂಟೀರಿಯರ್ ಕೆಲಸದವನು. ಪ್ಲೈವುಡ್, ವಿನಿಯರ್, ಅಂಟು ಇವುಗಳ ನಡುವೆಯೇ ನನ್ನ ದಿನ ಹೋಗುತ್ತದೆ. ಹಾಗಾಗಿ ‘ಮರದ ಗುಣ’ ಅನ್ನುವ ಮಾತು ಕೇಳಿ ನಿಜಕ್ಕೂ ಸಿಟ್ಟು ಬಂತು.

ಮರದ ಗುಣ ಏನು ಅಂತ ಹೇಳುತ್ತೇನೆ ಕೇಳಿ. ಮರ ತೇವ ಹೀರಿದಾಗ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಈ ಗುಣವನ್ನು ಹಿಡಿದು ನಿಲ್ಲಿಸುವುದಕ್ಕೇ ಡೆಕ್ಕನ್ನು ಒಂದೇ ಹಲಗೆಯಲ್ಲಿ ಮಾಡುವುದಿಲ್ಲ. ಮೇಪಲ್ ಮರದ ಒಂದೂವರೆ ಮಿಲಿಮೀಟರ್ ಆಸುಪಾಸಿನ 7 ಪದರ ಅಂಟಿಸಿ, ಅಚ್ಚಿನಲ್ಲಿಟ್ಟು, ಪ್ರೆಸ್‌ನಲ್ಲಿ ಒತ್ತಿ ಮಾಡುತ್ತಾರೆ. ಸಾಮಾನ್ಯವಾಗಿ 5 ಪದರಗಳ ಎಳೆ ಉದ್ದಕ್ಕೆ, 2 ಪದರಗಳದ್ದು ಅಡ್ಡಕ್ಕೆ. ನಡುವಿನ ಪದರದ ಮೇಲೆ ಹೇಗೋ ಕೆಳಗೂ ಹಾಗೇ ಇರಬೇಕು. ಆಗ ಒಂದು ಕಡೆಯ ಎಳೆತವನ್ನು ಇನ್ನೊಂದು ಕಡೆಯದು ತಡೆಯುತ್ತದೆ, ಹಲಗೆ ನೇರ ನಿಲ್ಲುತ್ತದೆ. ಒಂದು ಪದರದ ಎಳೆ ಓರೆಯಾಗಿ ಬಂದರೂ ಸಾಕು, ಹಲಗೆ ತಿರುಚಲು ಶುರು. ಪದರಗಳ ತೇವ ಒಂದೇ ಸಮ ಇರಬೇಕು, ಶೇ 6ರಿಂದ 8ರ ಹತ್ತಿರ. ಒಂದು ಒಣಗಿದ್ದು ಇನ್ನೊಂದು ಹಸಿಯಾಗಿದ್ದರೆ, ಆಮೇಲೆ ಹಸಿಯದ್ದು ಒಣಗುತ್ತಾ ಇಡೀ ಹಲಗೆಯನ್ನು ತನ್ನ ಕಡೆ ಎಳೆಯುತ್ತದೆ, ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ.

ಇನ್ನು ಅಂಟು. ಡೆಕ್‌ಗೆ ಹೆಚ್ಚಾಗಿ ಬಳಸುವುದು ನೀರಿನಲ್ಲಿ ಕಲಸಿದ ಬಿಳಿ ಅಂಟು. ಅದರ ನೀರೆಲ್ಲ ಮರಕ್ಕೇ ಹೋಗುತ್ತದೆ. ಅದಕ್ಕೇ ಪ್ರೆಸ್‌ನಿಂದ ತೆಗೆದ ಮೇಲೆ ಕೆಲವು ದಿನ ಸುಮ್ನೆ ಇಟ್ಟು, ತೇವ ಸಮನಾಗಿ ಹೊರಗೆ ಹೋದ ಮೇಲೆ ಆಕಾರ ಕತ್ತರಿಸಬೇಕು, ತೂತು ಕೊರೆಯಬೇಕು. ಆರ್ಡರ್ ಜಾಸ್ತಿ ಇದ್ದಾಗ ಮೊದಲು ಕತ್ತರಿ ಬೀಳುವುದು ಈ ಕಾಯುವ ದಿನಗಳಿಗೇ. ಮೇಲಿಂದ ಬಣ್ಣ, ವಾರ್ನಿಶ್ ಬಳಿದುಬಿಟ್ಟರೆ ತೇವ ಒಳಗೇ ಉಳಿಯಿತು. ಒಂದು ಸಲಕ್ಕೆ ಹಲವು ಡೆಕ್‌ಗಳನ್ನು ಒಂದರ ಮೇಲೊಂದು ಇಟ್ಟು ಒತ್ತುವುದೂ ಇದೆ. ಅದರಲ್ಲಿ ಮೇಲಿನದಕ್ಕೂ ಕೆಳಗಿನದಕ್ಕೂ ಬಾಗು ಸ್ವಲ್ಪ ಬೇರೆ ಬರುತ್ತದೆ. ಜಗತ್ತಿನ ಬಹಳಷ್ಟು ಡೆಕ್‌ಗಳು ಈಗ ಮೆಕ್ಸಿಕೊ, ಚೀನಾದಲ್ಲಿ ತಯಾರಾಗುತ್ತವೆ. ಅದರಿಂದಲೇ ಕೆಟ್ಟವು ಅಂತ ನಾನು ಹೇಳುವುದಿಲ್ಲ, ಅಲ್ಲಿಂದ ಬಂದ ಒಳ್ಳೆಯ ಡೆಕ್‌ಗಳನ್ನೂ ನೋಡಿದ್ದೇನೆ. ಎಲ್ಲಿ ಮಾಡಿದರೂ ಅವಸರ ಮಾಡಿದರೆ ಹಲಗೆ ಸೊಟ್ಟಗಾಗುತ್ತದೆ, ಅಷ್ಟೇ.

ಮುಂಬಯಿ ಹವೆಯ ತಪ್ಪು ಅಂತಲೂ ಕೆಲವರು ಹೇಳುತ್ತಾರೆ. ಜುಲೈ ಬಂತೆಂದರೆ ಇಲ್ಲಿ ಮನೆಮನೆಯ ಬಾಗಿಲು ಉಬ್ಬಿ ಮುಚ್ಚಲು ಬರುವುದಿಲ್ಲ, ನಿಜ. ಮಳೆಯಲ್ಲಿ ಓಡಿಸಿ ಒದ್ದೆ ಡೆಕ್ಕನ್ನು ಬಾಲ್ಕನಿಯಲ್ಲಿ ಬಿಟ್ಟರೆ ಯಾವ ಡೆಕ್ಕೂ ಉಳಿಯದು. ಮೇಲೆ ಕಾಲು ಜಾರದ ಹಾಗೆ ಹಚ್ಚುವ ಒರಟು ಗ್ರಿಪ್ ಟೇಪ್, ಕೆಳಗೆ ಬಣ್ಣ ಇದ್ದರೂ ಪಕ್ಕದ ಅಂಚು, ಬೋಲ್ಟಿನ ತೂತು ಬರೀ ಮರವೇ, ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಹಾಗೆ ಹಾಳಾದರೆ ದೂರು ಕೊಳ್ಳುವವರ ಮೇಲೇ ಇರಲಿ. ಆದರೆ ಪ್ಯಾಕ್‌ನಲ್ಲೇ ಸೊಟ್ಟಗೆ ಬಂದದ್ದಕ್ಕೆ ನಮ್ಮೂರ ಮಳೆ ಏನು ಮಾಡೀತು?

ಮಕ್ಕಳ ಮನೆಯವರು ಹೀಗೆ ನೋಡಿ. ಟ್ರಕ್, ಅಂದರೆ ಚಕ್ರದ ಅಚ್ಚು ಜೋಡಿಸುವ ಮೊದಲು, ಗ್ರಿಪ್ ಟೇಪ್ ಹಚ್ಚುವ ಮೊದಲು, ಮುಂದಿನ ತೂತುಗಳ ಹತ್ತಿರ ಒಂದು ಸ್ಟೀಲ್ ಸ್ಕೇಲ್, ಹಿಂದಿನ ತೂತುಗಳ ಹತ್ತಿರ ಇನ್ನೊಂದು ಅಡ್ಡ ಇಡಿ. ಒಂದು ತುದಿಯಿಂದ ಕಣ್ಣು ಮಟ್ಟಕ್ಕೆ ತಂದು ನೋಡಿ. ಎರಡೂ ಸ್ಕೇಲ್ ಸಮಾನಾಂತರ ಇಲ್ಲ ಅಂದರೆ ಹಲಗೆ ತಿರುಚಿದೆ. ನಮ್ಮ ಬಡಗಿಗಳು ಚೌಕಟ್ಟು ನೋಡುವುದೂ ಹೀಗೇ. ಚಕ್ರ ಹಾಕಿದ ಮೇಲೆ ಟ್ರಕ್ಕಿನ ರಬ್ಬರ್ ಸ್ವಲ್ಪ ಸೊಟ್ಟವನ್ನು ಮುಚ್ಚಿಬಿಡುತ್ತದೆ, ಆದರೆ ಓಡಿಸುವಾಗ ಬೋರ್ಡ್ ಒಂದೇ ಕಡೆಗೆ ಎಳೆಯುತ್ತದೆ. ಕಲಿಯುವ ಮಗು ತನಗೇ ಬ್ಯಾಲೆನ್ಸ್ ಇಲ್ಲ ಅಂದುಕೊಳ್ಳುತ್ತದೆ. ನನಗೆ ಎಲ್ಲಕ್ಕಿಂತ ಬೇಜಾರು ಆದದ್ದು ಇದೇ. ಇನ್ನೊಂದು ಮಾತು, ಹಳೆಯ ಡೆಕ್‌ಗಳಲ್ಲಿ ಬೋಲ್ಟ್ ತೂತುಗಳ ಉದ್ದದ ಅಂತರ 2.5 ಇಂಚು, ಈಗಿನವುಗಳಲ್ಲಿ 2.125 ಇಂಚು. ರೀಇಶ್ಯೂನಲ್ಲಿ ಯಾವುದಿದೆ ಅಂತ ಮೊದಲೇ ಕೇಳಿ, ಇಲ್ಲದಿದ್ದರೆ ಮನೆಯಲ್ಲಿರುವ ಟ್ರಕ್ ಕೂರದೇ ಹೋಗಬಹುದು.

ಕಾನೂನು ನಮ್ಮ ಕಡೆಗೇ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷ ಇರುವ ಅಥವಾ ಹೇಳಿದ ಹಾಗೆ ಇಲ್ಲದ ಮಾಲನ್ನು ವಾಪಸ್ ತಗೊಳ್ಳಲ್ಲ ಅಂತ ಮಾರುವವರು ಹೇಳುವ ಹಾಗಿಲ್ಲ. ದೂರು ಕೊಟ್ಟರೆ 48 ಗಂಟೆಯೊಳಗೆ ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಮದು ಮಾಲಿನ ಪ್ಯಾಕ್ ಮೇಲೆ ಆಮದುದಾರರ ಹೆಸರು, ವಿಳಾಸ, ಯಾವ ದೇಶದ್ದು ಅನ್ನುವುದು, ಎಂಆರ್‌ಪಿ ಇರಲೇಬೇಕು. ನಮಗೆ ಬಂದ ಪ್ಯಾಕ್ ಮೇಲೆ ಇದ್ಯಾವುದೂ ಇರಲಿಲ್ಲ. ಒಂದು ಪ್ಲೈವುಡ್ ಶೀಟ್ ತಂದರೂ ಅದರ ಮೇಲೆ ಐಎಸ್ 303 ಅಥವಾ ಐಎಸ್ 710 ಅನ್ನುವ ಗುಣಮಟ್ಟದ ಮುದ್ರೆ ನೋಡಿಯೇ ಇಳಿಸಿಕೊಳ್ಳುತ್ತೇವೆ. ಮಕ್ಕಳು ಹತ್ತಿ ನಿಲ್ಲುವ ಹಲಗೆಗೆ ಕನಿಷ್ಠ ಮಾಡಿದ ತಿಂಗಳು, ವರ್ಷವಾದರೂ ಬೇಡವೇ?

ಮಾರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಕಳಿಸುವ ಮೊದಲು ಎರಡು ಸ್ಕೇಲ್ ಇಟ್ಟು ನೋಡಿ. ಸೊಟ್ಟ ಇದ್ದರೆ ಸೊಟ್ಟ ಅಂತಲೇ ಹೇಳಿ ಕಡಿಮೆ ಬೆಲೆಗೆ ಮಾರಿ, ಗೋಡೆಗೆ ಬೇಕಾದವರು ಖಂಡಿತ ತಗೊಳ್ಳುತ್ತಾರೆ. ಓಡಿಸುವುದಕ್ಕೆ ಅಂತ ಕೊಟ್ಟದ್ದು ಓಡಬೇಕು.

ಇದೇ ತೊಂದರೆ ಆದ ಓದುಗರು ಡೆಕ್ ಬಿಸಾಡಬೇಡಿ, ಬೋಲ್ಟ್ ಹಾಕಿ ಓಡಿಸಲೂ ಬೇಡಿ. ಬಿಲ್, ಪ್ಯಾಕ್, ಸ್ಕೇಲ್ ಇಟ್ಟು ತೆಗೆದ ಫೋಟೊ ಜೋಪಾನ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು, 5 ಲಕ್ಷ ರೂಪಾಯಿವರೆಗಿನ ಮಾಲಿಗೆ ಶುಲ್ಕ ಇಲ್ಲ. ನಾವು ಸಹಾಯವಾಣಿಗೆ ದೂರು ಕೊಟ್ಟಿದ್ದೇವೆ, ಉತ್ತರ ಇನ್ನೂ ಬರಬೇಕು.

– ಒಬ್ಬ ಓದುಗ, ಡೊಂಬಿವಲಿ ಪೂರ್ವ