ಹಾಗಾ ಮನೆಯ ನಾಲ್ಕು ಅಕ್ಕಂದಿರು

ಸ್ನೇಹಿತರೇ,

ಜುಲೈ 14ರಂದು ಸ್ಟಾಕ್‌ಹೋಮಿನ ಬಸ್ಸುಗಳ ಮುಂಭಾಗದಲ್ಲಿ ಪುಟ್ಟ ಪುಟ್ಟ ಬಾವುಟ ಹಾರಾಡುತ್ತವೆ. ಈ ಸಲ ಬೇಸಿಗೆ ಕಳೆಯಲು ಅಮ್ಮ ನಮ್ಮ ಮನೆಗೆ ಬಂದಿದ್ದರು. ಚಪಾತಿ ಪಲ್ಯ ಕಟ್ಟಿಕೊಂಡು ಇಬ್ಬರೂ ಹಾಗಾ ಪಾರ್ಕಿಗೆ ಹೊರಟಿದ್ದೆವು. ಬಸ್ಸು ಬಂತು. ಬಾವುಟ ನೋಡಿ ಅಮ್ಮ, "ಇವತ್ತೇನೇ ಹಬ್ಬ?" ಎಂದರು.

ಸ್ವೀಡನ್ನಿನ ಯುವರಾಣಿ ವಿಕ್ಟೋರಿಯಾ ಅವರ ಹುಟ್ಟುಹಬ್ಬ, ಮುಂದೆ ಪಟ್ಟ ಅವರಿಗೇ ಎಂದೆ.

"ಯಾಕೆ, ಆ ರಾಜನಿಗೆ ಗಂಡುಮಕ್ಕಳಿಲ್ವಾ?"

ಇದ್ದಾರೆ. ಅಮ್ಮನಿಗೆ ದಾರಿಯುದ್ದಕ್ಕೂ ಹೇಳಿದ ಕಥೆಯನ್ನೇ ಈ ಸಂಚಿಕೆಯಲ್ಲಿ ನಿಮಗೂ ಹೇಳೋಣ ಅನ್ನಿಸಿತು. ನಮ್ಮ ಮಕ್ಕಳು ಇಲ್ಲೇ ಹುಟ್ಟಿ ಬೆಳೆಯುತ್ತಿದ್ದಾರೆ. ಈ ದೇಶದ ಈ ಕಥೆ ಅವರಿಗೂ ಗೊತ್ತಿರಲಿ.

ಹಾಗಾ ಪಾರ್ಕಿನ ಮರಗಳ ನಡುವೆ ಬೇಲಿ ಹಾಕಿದ ಒಂದು ಅರಮನೆಯಿದೆ. ವಿಕ್ಟೋರಿಯಾ 2010ರಿಂದ ಅಲ್ಲೇ ಸಂಸಾರ ಮಾಡಿಕೊಂಡಿದ್ದಾರೆ. ಅವರಿಗಿಂತ ಮೊದಲು, 1940ರ ದಶಕದಲ್ಲಿ, ಅದೇ ಮನೆಯಲ್ಲಿ ಐದು ಮಕ್ಕಳಿದ್ದರು. ಮಾರ್ಗರೆಟಾ, ಬಿರ್ಗಿಟ್ಟಾ, ಡೆಸಿರೆ, ಕ್ರಿಸ್ಟಿನಾ. ನಾಲ್ಕು ಹೆಣ್ಣಾದ ಮೇಲೆ 1946ರ ಏಪ್ರಿಲ್ 30ರಂದು ಒಂದು ಗಂಡು. ಈಗಿನ ರಾಜ ಕಾರ್ಲ್ ಗುಸ್ತಾಫ್ ಆ ಮಗು.

ಮಗುವಿಗೆ ಒಂಬತ್ತು ತಿಂಗಳೂ ತುಂಬಿರಲಿಲ್ಲ. 1947ರ ಜನವರಿ 26ರಂದು ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲಿ ಮೇಲೇರಿದ ವಿಮಾನ ಕೂಡಲೇ ಬಿದ್ದು, ಅದರಲ್ಲಿದ್ದ ತಂದೆ ತೀರಿಕೊಂಡರು. ಅಂದಿನ ರಾಜನ ಮೊಮ್ಮಗ ಅವರು. ತನ್ನ ತಂದೆಯ ನಂತರ ಪಟ್ಟಕ್ಕೆ ಬರಬೇಕಾಗಿದ್ದವರು.

ಆಗ ಹಿರಿಯವಳು ಮಾರ್ಗರೆಟಾಳಿಗೆ 12 ವರ್ಷ. ಅವಳನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಫ್ರಾನ್ಸಿನ ಸೇನಾಧಿಕಾರಿ ಬೆರ್ನಾಡೋಟ್‌ನನ್ನು ಕರೆತಂದು ಯುವರಾಜನನ್ನಾಗಿ ಮಾಡಿದಾಗ, 1810ರಲ್ಲಿ ಬರೆದ ಉತ್ತರಾಧಿಕಾರದ ಕಾನೂನು ಅದು. ಗಂಡಿಗೆ ಮಾತ್ರ ಪಟ್ಟ. ಮನೆ ತುಂಬ ಹೆಣ್ಣುಮಕ್ಕಳಿದ್ದರೂ ಇಡೀ ದೇಶ ತೊಟ್ಟಿಲಲ್ಲಿದ್ದ ಕೂಸು ದೊಡ್ಡದಾಗಲಿ ಎಂದು ಕಾಯಬೇಕಾಯಿತು.

ಆ ಕಾಯುವಿಕೆಯ ಭಾರ ಬಿದ್ದದ್ದು ಮಗುವಿನ ಚಿಕ್ಕಪ್ಪ ಬೆರ್ತಿಲ್ ಅವರ ಮೇಲೆ. ಬೆರ್ತಿಲ್‌ಗೆ ಉಳಿದಿದ್ದ ಒಬ್ಬ ಅಣ್ಣ, ಒಬ್ಬ ತಮ್ಮ ಇಬ್ಬರೂ ಸಾಮಾನ್ಯ ಮನೆತನದ ಹುಡುಗಿಯರನ್ನು ಮದುವೆಯಾಗಿ ಪಟ್ಟದ ಹಕ್ಕು ಕಳೆದುಕೊಂಡಿದ್ದರು. ಮಗು ದೊಡ್ಡದಾಗುವ ಮೊದಲೇ ರಾಜರಿಗೆ ಏನಾದರೂ ಆದರೆ ಕೈ ಹಿಡಿಯಲು ಇವರೊಬ್ಬರೇ ಉಳಿದರು. ಆದರೆ ಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿದ್ದಾಗಲೇ ಬೆರ್ತಿಲ್‌ಗೆ ವೇಲ್ಸ್‌ನ ಲಿಲಿಯನ್ ಕ್ರೇಗ್ ಮೇಲೆ ಮನಸ್ಸಾಗಿತ್ತು. ಅವರನ್ನು ಮದುವೆಯಾದರೆ ಹಕ್ಕು ಹೋಗುತ್ತದೆ. ಹಕ್ಕು ಹೋದರೆ ಮನೆತನಕ್ಕೆ ಬೇರೆ ಆಸರೆಯಿಲ್ಲ. ಹಾಗಾಗಿ ಇಬ್ಬರೂ ಮದುವೆಯಾಗದೆ ಮೂವತ್ತಕ್ಕೂ ಜಾಸ್ತಿ ವರ್ಷ ಜೊತೆಗಿದ್ದರು. ಅವರಿಗೆ ಮಕ್ಕಳಾಗಲಿಲ್ಲ.

1973ರಲ್ಲಿ ಆಗ ರಾಜರಾಗಿದ್ದ ಅಜ್ಜ ತೀರಿಕೊಂಡು, 27 ವರ್ಷದ ಕಾರ್ಲ್ ಗುಸ್ತಾಫ್ ರಾಜನಾದರು. 1976ರ ಜೂನಿನಲ್ಲಿ ಅವರ ಮದುವೆ ಸಿಲ್ವಿಯಾ ಅವರೊಂದಿಗೆ ನಡೆಯಿತು. ಸಿಲ್ವಿಯಾ ಕೂಡ ರಾಜಮನೆತನದವರಲ್ಲ. ಆದರೆ ಪಟ್ಟಕ್ಕೆ ಬಂದ ಮೇಲೆ ರಾಜನಿಗೆ ಆ ಕಟ್ಟುಪಾಡು ಇರಲಿಲ್ಲ. ಅದೇ ಡಿಸೆಂಬರ್ 7ರಂದು ಚಿಕ್ಕಪ್ಪನ ಮದುವೆಯೂ ಆಯಿತು, ರಾಜರ ಒಪ್ಪಿಗೆಯೊಂದಿಗೆ. ಮದುಮಗನಿಗೆ 64, ಮದುಮಗಳಿಗೆ 61. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ನಾಲ್ಕು ಹೆಣ್ಣುಮಕ್ಕಳನ್ನು ಎಣಿಸದ ಒಂದು ಕಾನೂನು, ಅದಕ್ಕೆ ಸಂಬಂಧವೇ ಇಲ್ಲದ ಇಬ್ಬರ ಜೀವನವನ್ನು ಹೀಗೆ ಹಿಡಿದಿಟ್ಟಿತಲ್ಲ!

1977ರ ಜುಲೈ 14ರಂದು ವಿಕ್ಟೋರಿಯಾ ಹುಟ್ಟಿದರು. 1979ರ ಮೇ 13ರಂದು ತಮ್ಮ ಕಾರ್ಲ್ ಫಿಲಿಪ್. ಹುಟ್ಟುತ್ತಲೇ ಯುವರಾಜ. ಅಷ್ಟರಲ್ಲಿ ಸಂಸತ್ತಿನಲ್ಲಿ ಕಾನೂನು ಬದಲಿಸುವ ಕೆಲಸ ನಡೆದಿತ್ತು. ಇಲ್ಲಿ ಉತ್ತರಾಧಿಕಾರದ ಕಾನೂನು ಸಂವಿಧಾನದ ಭಾಗ. ಸುಮ್ನೆ ಒಂದು ಸಹಿಯಿಂದ ಅದು ಬದಲಾಗುವುದಿಲ್ಲ. ಸಂಸತ್ತು ಎರಡು ಸಲ ಒಪ್ಪಬೇಕು, ಆ ಎರಡರ ನಡುವೆ ಒಂದು ಚುನಾವಣೆ ನಡೆಯಬೇಕು. ಅಂದರೆ ಜನರ ಮುಂದೆ ಹೋಗಿ ಬಂದ ಮೇಲೇ ತೀರ್ಮಾನ. 1979ರ ಸೆಪ್ಟೆಂಬರಿನಲ್ಲಿ ಚುನಾವಣೆ ಮುಗಿಯಿತು, ಎರಡನೇ ಒಪ್ಪಿಗೆಯೂ ಸಿಕ್ಕಿತು. 1980ರ ಜನವರಿ 1ರಿಂದ ಹಿರಿಯ ಮಗುವಿಗೇ ಪಟ್ಟ, ಹೆಣ್ಣಾದರೂ ಸರಿ, ಗಂಡಾದರೂ ಸರಿ. ಏಳೂವರೆ ತಿಂಗಳ ಕಾರ್ಲ್ ಫಿಲಿಪ್ ಯುವರಾಜನ ಸ್ಥಾನದಿಂದ ಇಳಿದ. ಎರಡೂವರೆ ವರ್ಷದ ಅಕ್ಕ ಏರಿದಳು.

ರಾಜರಿಗೆ ಇದು ಹಿಡಿಸಲಿಲ್ಲ. ಹೆಣ್ಣಿಗೆ ಪಟ್ಟ ಬೇಡ ಎಂದಲ್ಲ, ಹುಟ್ಟಿದ ಮಗುವಿನ ಕೈಯಿಂದ ಕಿತ್ತುಕೊಂಡದ್ದು ಸರಿಯಲ್ಲ ಎಂದು. 2023ರ ಜನವರಿಯಲ್ಲಿ ಟಿವಿಯಲ್ಲಿ ಅದನ್ನೇ ಮತ್ತೆ ಹೇಳಿ, ಜನ ನೊಂದುಕೊಂಡಾಗ, ವಿಕ್ಟೋರಿಯಾ ಬಗ್ಗೆ ತನಗೆ ಹೆಮ್ಮೆಯಿದೆ ಎಂದು ಬಿಡಿಸಿ ಹೇಳಿದರು. ತಂದೆಯ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೂ ಸಂಸತ್ತು ಮಾಡಿದ್ದೇ ಸರಿ ಎನ್ನುತ್ತೇನೆ. ಪಕ್ಕದ ನಾರ್ವೆ ನೋಡಿ. ಅಲ್ಲಿ 1990ರಲ್ಲಿ ಕಾನೂನು ಬದಲಾಯಿತು, ಆದರೆ ಆಗಲೇ ಹುಟ್ಟಿದ್ದವರಲ್ಲಿ ಗಂಡಿಗೇ ಮೊದಲ ಹಕ್ಕು ಉಳಿಯಿತು. ಹಾಗಾಗಿ ಅಕ್ಕ ಮಾರ್ಥಾ ಲೂಯಿಸ್ ಇದ್ದರೂ ಯುವರಾಜ ತಮ್ಮ ಹೋಕನ್. ಮುಂದಿನವರಿಗೆ ಮಾತ್ರ ನ್ಯಾಯ ಎಂದರೆ, ಕಣ್ಣೆದುರು ನಿಂತಿರುವ ಅಕ್ಕನಿಗೆ ಏನು ಹೇಳುವುದು?

ಕೈಯಲ್ಲಿ ಅಧಿಕಾರವೇ ಇಲ್ಲದ ಪಟ್ಟ, ಯಾರಿಗೆ ಬಂದರೇನು ಎಂದು ನಮ್ಮಲ್ಲೇ ಕೆಲವರು ಕೇಳಿದ್ದಾರೆ. ನಿಜ, 1975ರಿಂದ ಇಲ್ಲಿಯ ರಾಜ ಕಾನೂನಿಗೆ ಸಹಿಯನ್ನೂ ಹಾಕುವುದಿಲ್ಲ. ಕಿರೀಟ ಕೂಡ ತೊಡುವುದಿಲ್ಲ, ಕೊನೆಯ ಪಟ್ಟಾಭಿಷೇಕ ಆದದ್ದು 1873ರಲ್ಲಿ. ಆದರೆ ಮನೆಯ ಹಿರಿಯವಳು ಯಾರು ಎಂಬುದನ್ನು ದೇಶದ ಸಂವಿಧಾನವೇ ಹೇಳುತ್ತದೆಯಲ್ಲ, ಅದು ನನಗೆ ದೊಡ್ಡ ಮಾತು. ವಿಕ್ಟೋರಿಯಾ ನಂತರ ಅವರ ಮಗಳು ಎಸ್ಟೆಲ್, 2012ರಲ್ಲಿ ಹುಟ್ಟಿದವಳು. ತಮ್ಮ ಆಸ್ಕರ್ ಬಂದಾಗ ಅವಳ ಜಾಗ ಕದಲಲಿಲ್ಲ. ಒಂದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಪಟ್ಟಕ್ಕೆ ಬರುವವರು ಇಂಥದ್ದೇ ಧರ್ಮದಲ್ಲಿರಬೇಕು, ಸರ್ಕಾರದ ಒಪ್ಪಿಗೆ ಪಡೆದೇ ಮದುವೆಯಾಗಬೇಕು ಎಂಬ ಮಾತು ಇಂದಿಗೂ ಕಾನೂನಿನಲ್ಲಿದೆ. ಲಿಲಿಯನ್ ಅವರ ಕಥೆಯಾದ ಮೇಲಾದರೂ ಅದನ್ನು ತೆಗೆಯಬಹುದಿತ್ತು ಅಲ್ವಾ?

ಪಾರ್ಕಿನಲ್ಲಿ ಬೇಲಿಯ ಪಕ್ಕ ಹುಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದೆವು. ಅಮ್ಮ ಸುಮ್ಮನಿದ್ದರು. ಅವರು ಯಾಕೆ ಸುಮ್ಮನಿದ್ದರು ಎಂಬುದು ನನಗೆ ಗೊತ್ತು. ಅವರ ಮದುವೆ 1978ರಲ್ಲಿ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲು ಎಂದು ಕರ್ನಾಟಕ 1994ರಲ್ಲಿ ಕಾನೂನು ತಂದಿತು. ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು. ಆದರೆ ಅದಕ್ಕೂ ಮುಂಚೆ ಮದುವೆಯಾದವರಿಗೆ ಆ ಪಾಲು ಇರಲಿಲ್ಲ. 2005ರಲ್ಲಿ ಆ ತಡೆಯೂ ಹೋಯಿತು. ಅಷ್ಟರಲ್ಲಿ ಮಾವಂದಿರು ಭಾಗ ಮಾಡಿಕೊಂಡು, ಪತ್ರ ರಿಜಿಸ್ಟರ್ ಆಗಿ ಎಷ್ಟೋ ವರ್ಷವಾಗಿತ್ತು. ತೋಟದ ಕಡೆಯ ಆ ಎರಡು ಎಕರೆ ಬಗ್ಗೆ ಅಮ್ಮ ಒಂದು ಮಾತೂ ಆಡಿದವರಲ್ಲ.

ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಲೋಟ ಅವರ ಕೈಗೆ ಕೊಟ್ಟೆ.

"ಮತ್ತೆ ಆ ನಾಲ್ಕು ಅಕ್ಕಂದಿರಿಗೆ?" ಎಂದರು.

"ಅವರಿಗೆ ಬರಲಿಲ್ಲಮ್ಮ. ಹೊಸ ಕಾನೂನು ಈಗಿನ ರಾಜರ ಮಕ್ಕಳು ಮೊಮ್ಮಕ್ಕಳಿಗೆ ಮಾತ್ರ."

ಅಮ್ಮ ಮರಗಳ ಸಂದಿಯಲ್ಲಿ ಕಾಣುತ್ತಿದ್ದ ಮನೆಯನ್ನೇ ನೋಡುತ್ತಾ ಕೂತರು.

"ದೊಡ್ಡವಳ ಹೆಸರು ಏನಂದೆ?"

"ಮಾರ್ಗರೆಟಾ."

"ಮಾರ್ಗರೆಟಾ" ಎಂದು ತಾವೂ ಒಂದು ಸಲ ಹೇಳಿಕೊಂಡರು.